ಮಿಂಬರನ್ನು ಅಂಗಡಿಯ ಕಾವಲಿಗೆ ನಿಲ್ಲಿಸಬೇಡಿ

ಕಳೆದ ತಿಂಗಳು ಇಶಾ ನಮಾಝಿನ ಬಳಿಕ ನಮ್ಮ ಮೊಹಲ್ಲಾದ ಮದ್ರಸದಲ್ಲಿ ಒಂದು ಸಭೆ ಸೇರಿತು. ವರ್ಷಗಟ್ಟಲೆ ಪಾಳುಬಿದ್ದಿದ್ದ ಹಳೆಯ ಹೆಂಚಿನ ಕಾರ್ಖಾನೆಯ ಜಾಗದಲ್ಲಿ ಬೃಹತ್ ಚಿಲ್ಲರೆ ಮಳಿಗೆಯೊಂದು ತೆರೆಯಲಿದೆ ಎಂಬ ಸುದ್ದಿ ಖಚಿತವಾದಂದಿನಿಂದ ನಮ್ಮ ಬೀದಿಯ ವ್ಯಾಪಾರಿಗಳಿಗೆ ನಿದ್ದೆಯಿಲ್ಲ. ಸಭೆಯಲ್ಲಿ ಅರ್ಜಿಯೊಂದನ್ನು ಓದಲಾಯಿತು, ಸಹಿ ಸಂಗ್ರಹಿಸಲಾಯಿತು, ಚಹಾ ಹಂಚಲಾಯಿತು. ಎಲ್ಲರೂ ಏಳುವ ಹೊತ್ತಿಗೆ ಹಿರಿಯ ವ್ಯಾಪಾರಿಯೊಬ್ಬರು ಎದ್ದು ನಿಂತು, "ಇದೆಲ್ಲ ಕಾಗದದ ಕೆಲಸ. ಜನ ಕೇಳುವುದು ಉಸ್ತಾದರ ಮಾತನ್ನು. ಮುಂದಿನ ಶುಕ್ರವಾರ ಮಿಂಬರಿನಿಂದ ಒಂದೇ ಒಂದು ಮಾತು ಬರಲಿ, ಆ ಮಳಿಗೆಗೆ ಹೋಗುವುದು ಹರಾಮ್ ಎಂದು" ಎಂದರು. ಸಭೆ ತಲೆದೂಗಿತು. ಕೆಲವರು ನಮ್ಮತ್ತ ನೋಡಿದರು.

ಆ ಮಾತನ್ನು ನಾವು ಅಂದು ಹೇಳಲಿಲ್ಲ. ಮುಂದೆಯೂ ಹೇಳುವುದಿಲ್ಲ. ಅದಕ್ಕಾಗಿ ನಮ್ಮ ಮೇಲೆ ಮುನಿಸಿಕೊಂಡಿರುವವರಿಗೆ, ಎದುರಿಗೆ ಸಲಾಂ ಹೇಳಿ ಬೆನ್ನ ಹಿಂದೆ "ಉಸ್ತಾದರು ಕಂಪೆನಿಯ ಪರ" ಎನ್ನುತ್ತಿರುವವರಿಗೆ ಈ ಲೇಖನದ ಮೂಲಕ ಉತ್ತರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಮೊದಲಿಗೇ ಸ್ಪಷ್ಟಪಡಿಸುತ್ತೇವೆ: ಆ ಜಾಗದಲ್ಲಿ ಆ ಗಾತ್ರದ ಮಳಿಗೆ ಬರುವುದನ್ನು ನಾವೂ ವಿರೋಧಿಸುತ್ತೇವೆ. ಕಾರ್ಖಾನೆಯ ಗೇಟಿನ ಮುಂದಿರುವ ರಸ್ತೆ ಎರಡು ಬಸ್ಸುಗಳು ಎದುರುಬದುರಾದರೆ ಉಸಿರು ಬಿಗಿಹಿಡಿಯುವಂಥದ್ದು. ಆ ರಸ್ತೆಯನ್ನು ದಾಟಿಯೇ ಬೆಳಗ್ಗೆ ಆರೂವರೆಗೆ ನಮ್ಮ ಮಕ್ಕಳು ಮದ್ರಸಕ್ಕೆ ಬರುತ್ತಾರೆ. ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಹರಿದು ತಂಗುವುದು ಆ ಕಾರ್ಖಾನೆಯ ಮಣ್ಣು ತೆಗೆದ ಹೊಂಡಗಳಲ್ಲಿಯೇ. ಅವುಗಳನ್ನು ಮುಚ್ಚಿ ಕಾಂಕ್ರೀಟು ಹಾಸಿದರೆ ಆ ನೀರು ಯಾರ ಅಂಗಳಕ್ಕೆ ಬರುತ್ತದೆಂದು ಕೇಳುವ ಹಕ್ಕು ನಮಗಿದೆ. ಈ ವಿರೋಧ ನ್ಯಾಯವಾದದ್ದು. ಆದರೆ ನ್ಯಾಯವಾದ ವಿರೋಧಕ್ಕೆ ಸುಳ್ಳು ಫತ್ವಾದ ಊರುಗೋಲು ಬೇಕಿಲ್ಲ.

ಸಭೆಯಲ್ಲಿ ಓದಿದ ಅರ್ಜಿಯನ್ನೇ ಮೊದಲು ನೋಡೋಣ. ಅದರಲ್ಲಿ ರಸ್ತೆಯ ಮಾತಿಲ್ಲ, ನೀರಿನ ಮಾತಿಲ್ಲ. ಇರುವುದು ಮೂರು ಅಂಶಗಳು. ಬಡ ವ್ಯಾಪಾರಿಗಳ ಹೊಟ್ಟೆಪಾಡು ಒಂದು. ಪರಕೀಯ ಸಂಸ್ಕೃತಿಯ ಆಕ್ರಮಣ ಇನ್ನೊಂದು. ಮೂರನೆಯದು ನಮ್ಮ ಹೆಣ್ಣುಮಕ್ಕಳು ಅಪರಿಚಿತರ ನಡುವೆ ಗಾಡಿ ತಳ್ಳಿಕೊಂಡು ತಿರುಗುವುದರಿಂದ ಒದಗುವ ಮರ್ಯಾದೆಯ ಹಾನಿ.

ಮೂರನೆಯದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ನಮ್ಮ ಹೆಣ್ಣುಮಕ್ಕಳು ಮೀನು ಮಾರುಕಟ್ಟೆಗೆ ಹೋಗುವುದಿಲ್ಲವೇ? ಪಡಿತರದ ಸಾಲಿನಲ್ಲಿ, ಸರಕಾರಿ ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದಿಲ್ಲವೇ? ಅಲ್ಲೆಲ್ಲ ಹೋಗದ ಮರ್ಯಾದೆ ಬೆಲೆ ಬರೆದಿರುವ ಅಂಗಡಿಯಲ್ಲಿ ಮಾತ್ರ ಹೇಗೆ ಹೋಗುತ್ತದೆ? ಈ ಸಾಲನ್ನು ಬರೆದವರು ಒಮ್ಮೆ ತಮ್ಮ ಮನೆಯ ಅಡುಗೆಮನೆಯಲ್ಲಿ ಕುಳಿತು ವಿಚಾರಿಸಬೇಕಿತ್ತು. ನಾವು ವಿಚಾರಿಸಿದೆವು. ಬಂದ ಉತ್ತರ ಸರಳವಾಗಿತ್ತು: ಅಲ್ಲಿ ಪ್ರತಿ ವಸ್ತುವಿನ ಮೇಲೆ ಬೆಲೆ ಇರುತ್ತದೆ, ತೂಕ ಕಣ್ಣೆದುರು ನಡೆಯುತ್ತದೆ, ಕೈಗೆತ್ತಿ ನೋಡಿ ಬೇಡವೆಂದು ಇಟ್ಟರೆ ಯಾರೂ ಮುಖ ಸಿಂಡರಿಸುವುದಿಲ್ಲ, ನೂರು ರೂಪಾಯಿಯ ಗಿರಾಕಿಗೂ ಸಾವಿರ ರೂಪಾಯಿಯ ಗಿರಾಕಿಗೂ ಒಂದೇ ಸಾಲು. ನಮ್ಮ ಅಂಗಡಿಯಲ್ಲಿಯೋ? ಗಂಡಸರ ಗುಂಪು ಮುಂದೆ ನಿಂತಿದ್ದರೆ ಹೆಂಗಸಿನ ಚೀಟಿಯನ್ನು ಕೊನೆಗೆ ನೋಡುವ ಪದ್ಧತಿ. ಬೇಳೆ ಹೊಸದೇ ಎಂದು ಕೇಳಿದರೆ "ನಂಬಿಕೆಯಿಲ್ಲದಿದ್ದರೆ ಬೇರೆ ಕಡೆ ಹೋಗಿ" ಎಂಬ ಉತ್ತರ. ಈಗ ಆ ಬೇರೆ ಕಡೆಯೊಂದು ತೆರೆಯುತ್ತಿದೆ. ಹೋಗಿ ಎಂದವರೇ ಹೋಗಬೇಡಿ ಎನ್ನುತ್ತಿದ್ದಾರೆ, ಅದೂ ನಮ್ಮ ಬಾಯಿಂದ ಹೇಳಿಸಬೇಕಂತೆ.

ಪರಕೀಯ ಸಂಸ್ಕೃತಿಯ ಮಾತನ್ನು ಬೇಗನೆ ಮುಗಿಸಬಹುದು. 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಬಹು ಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರಷ್ಟು ವಿದೇಶಿ ಬಂಡವಾಳಕ್ಕೆ ಅನುಮತಿ ನೀಡಿದಾಗ ದೇಶವಿಡೀ ಬಂದ್ ನಡೆಯಿತು. ಆಗ ಎಲ್ಲರ ಬೆರಳೂ ಹಡಗಿನಿಂದ ಇಳಿಯಲಿರುವ ಪರದೇಶಿಯ ಕಡೆಗಿತ್ತು. ಆದರೆ ಕಳೆದ ಎರಡು ದಶಕಗಳಲ್ಲಿ ನಮ್ಮ ಊರುಗಳಲ್ಲಿ ಸಾಲುಸಾಲಾಗಿ ಎದ್ದು ನಿಂತ ಮಳಿಗೆಗಳ ಒಡೆಯರು ಬಹುಪಾಲು ಸ್ವದೇಶಿಯರೇ. ಇನ್ನು ಅಮೆರಿಕದ ವಾಲ್‌ಮಾರ್ಟ್ ನಮ್ಮ ಮನೆಗೆ ಬಂದದ್ದು ಹೆಂಚಿನ ಕಾರ್ಖಾನೆಯ ದಾರಿಯಾಗಿ ಅಲ್ಲ. ಅದು 2018ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಶೇ. 77ರಷ್ಟು ಪಾಲನ್ನು 1600 ಕೋಟಿ ಡಾಲರಿಗೆ ಖರೀದಿಸಿತು, ಮೊಬೈಲಿನ ಮೂಲಕ ನೇರವಾಗಿ ಮಲಗುವ ಕೋಣೆಗೇ ಬಂದಿತು. ಸಭೆಯಲ್ಲಿ ಸಂಸ್ಕೃತಿಯ ಬಗ್ಗೆ ಉದ್ದುದ್ದ ಮಾತನಾಡಿದವರ ಮಗನ ಮದುವೆಯ ಶೂ ಎಲ್ಲಿಂದ ಬಂತೆಂದು ಕೇಳುವಷ್ಟು ಒರಟರು ನಾವಲ್ಲ.

ಉಳಿದದ್ದು ಹೊಟ್ಟೆಪಾಡಿನ ಮಾತು. ಇದು ಗಂಭೀರವಾದದ್ದು. ಇಲ್ಲಿ ನಿಧಾನಿಸಬೇಕು.

ಬೃಹತ್ ಮಳಿಗೆಯಲ್ಲಿ ಸಾಮಾನು ಅಗ್ಗವೇಕೆ? ಮೋಸದಿಂದ ಎಂದು ಹೇಳುವುದು ನಮಗೆ ಸಮಾಧಾನ ಕೊಡಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಉದಾಹರಣೆಗೆ 2002ರಲ್ಲಿ ಮುಂಬಯಿಯಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟಿನ ರೀತಿಯನ್ನು ನೋಡಿ. ಅದು ಬಹುತೇಕ ಮಳಿಗೆಗಳನ್ನು ಬಾಡಿಗೆಗೆ ಹಿಡಿಯದೆ ಸ್ವಂತ ಕಟ್ಟಡದಲ್ಲಿ ನಡೆಸುತ್ತದೆ. ಸರಕು ಕೊಟ್ಟವರಿಗೆ ಬೇಗನೆ ಹಣ ಪಾವತಿಸುತ್ತದೆ, ಪ್ರತಿಯಾಗಿ ಅವರಿಂದ ಬೆಲೆಯಲ್ಲಿ ಕಡಿತ ಪಡೆಯುತ್ತದೆ. ಆ ಕಡಿತದ ಒಂದು ಪಾಲನ್ನು ಗಿರಾಕಿಗೆ ದಾಟಿಸುತ್ತದೆ. ಕೊಳ್ಳುವ ಪ್ರಮಾಣ ದೊಡ್ಡದಾದ್ದರಿಂದ ಚೌಕಾಶಿಯ ಬಲವೂ ದೊಡ್ಡದು. ಇದರಲ್ಲಿ ಹರಾಮ್ ಯಾವುದು? ಹಣವಿದ್ದೂ ಸಾಲ ತೀರಿಸಲು ಸತಾಯಿಸುವುದನ್ನು ಪ್ರವಾದಿ(ಸ)ಯವರು ಅನ್ಯಾಯವೆಂದು ಎಣಿಸಿದ್ದಾರೆ. ನಮ್ಮ ಎಷ್ಟು ಅಂಗಡಿಗಳಲ್ಲಿ ವಿತರಕನು ಬಿಲ್ಲಿನ ಹಣಕ್ಕಾಗಿ ಮೂರು ಮೂರು ಬಾರಿ ಅಲೆಯುತ್ತಾನೆಂಬುದು ವ್ಯಾಪಾರಿಗಳಿಗೇ ಗೊತ್ತು.

ಹಾಗೆಂದು ಎಲ್ಲ ಅಗ್ಗವೂ ಶುದ್ಧವೆಂದಲ್ಲ. ಸಕ್ಕರೆ, ಎಣ್ಣೆ, ಅಕ್ಕಿಯನ್ನು ಅಸಲಿಗೋ ಅದಕ್ಕಿಂತ ಕಡಿಮೆಗೋ ಮಾರಿ, ಗಿರಾಕಿ ಒಳಬಂದ ಮೇಲೆ ಬಟ್ಟೆ, ಪಾತ್ರೆ, ಪ್ಲಾಸ್ಟಿಕ್ ಸಾಮಾನಿನಲ್ಲಿ ಲಾಭ ತೆಗೆಯುವ ತಂತ್ರವಿದೆ. ಸಕ್ಕರೆ, ಎಣ್ಣೆ, ಅಕ್ಕಿಯನ್ನೇ ನಂಬಿದ ಮೂಲೆಯಂಗಡಿಯವನಿಗೆ ಬಟ್ಟೆ, ಪಾತ್ರೆಯ ಲಾಭವಿಲ್ಲ. ಅವನು ಆರು ತಿಂಗಳಲ್ಲಿ ಬಾಗಿಲು ಹಾಕುತ್ತಾನೆ. ಅದರ ನಂತರ ಬೆಲೆ ಎಲ್ಲಿಗೆ ಹೋಗುತ್ತದೆಂದು ಕೇಳುವವರು ಯಾರು? ಇಲ್ಲಿ ವ್ಯಾಪಾರಿಗಳ ಭಯಕ್ಕೆ ಅರ್ಥವಿದೆ. ನಮ್ಮ ಪರಂಪರೆಯಲ್ಲಿ ಈ ಪ್ರಶ್ನೆಯ ಚರ್ಚೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಡೆದಿದೆ. ಮಿಂಬರಿನ ಫತ್ವಾ ಕೇಳುವವರು ಅದನ್ನು ಪೂರ್ತಿಯಾಗಿ ಕೇಳಬೇಕು.

ಖಲೀಫಾ ಉಮರ್(ರ) ಒಮ್ಮೆ ಮದೀನಾದ ಮಾರುಕಟ್ಟೆಯಲ್ಲಿ ಹೋಗುತ್ತಿದ್ದಾಗ ಸಹಾಬಿ ಹಾತಿಬ್ ಬಿನ್ ಅಬೀ ಬಲ್‌ತಅ(ರ) ಒಣದ್ರಾಕ್ಷಿ ಮಾರುತ್ತಿದ್ದುದನ್ನು ಕಂಡರು. ಬೆಲೆ ಇತರರಿಗಿಂತ ಕಡಿಮೆಯಿತ್ತು. ಒಂದೋ ಬೆಲೆ ಏರಿಸಬೇಕು, ಇಲ್ಲವೇ ಮಾರುಕಟ್ಟೆಯಿಂದ ಹೋಗಬೇಕು ಎಂದು ಉಮರ್(ರ) ಅವರಿಗೆ ಹೇಳಿದರು. ಇಮಾಮ್ ಮಾಲಿಕರ ಮುವತ್ತಾದಲ್ಲಿ ಈ ಘಟನೆ ಇಷ್ಟೇ ಇದೆ. ಸಭೆಯಲ್ಲಿ ಯಾರೋ ಒಬ್ಬರು ಇದನ್ನೇ ಎತ್ತಿ ಹೇಳಿದಾಗ ಚಪ್ಪಾಳೆಯೂ ಬಿದ್ದಿತು. ನೋಡಿ, ಅಗ್ಗಕ್ಕೆ ಮಾರಿ ಇತರರನ್ನು ಕೆಡಿಸುವವನನ್ನು ಉಮರ್(ರ) ಅವರೇ ಹೊರಗಟ್ಟಿದರು!

ಆದರೆ ನಾವು ಕರಾವಳಿಯವರು, ಹೆಚ್ಚಿನವರು ಶಾಫಿಈ ಮದ್‌ಹಬಿನವರು. ಇಮಾಮ್ ಶಾಫಿಈ ಈ ಘಟನೆಯ ಉಳಿದ ಭಾಗವನ್ನೂ ನಮಗೆ ತಲುಪಿಸಿದ್ದಾರೆ. ಅದರ ಪ್ರಕಾರ ಹಾತಿಬ್(ರ) ಅವರ ಮುಂದೆ ಎರಡು ಚೀಲ ಒಣದ್ರಾಕ್ಷಿ ಇತ್ತು. ತಾಯಿಫಿನಿಂದ ಒಣದ್ರಾಕ್ಷಿ ಹೊತ್ತ ವರ್ತಕರ ತಂಡವೊಂದು ಬರುತ್ತಿತ್ತು. ಅವರು ಈ ಬೆಲೆಯನ್ನೇ ಮಾದರಿಯಾಗಿ ಹಿಡಿಯಬೇಕಾಗಿ ಬರುತ್ತದೆ ಎಂಬುದು ಉಮರ್(ರ) ಅವರ ಚಿಂತೆಯಾಗಿತ್ತು. ಆದುದರಿಂದ ಬೆಲೆ ಏರಿಸಿ, ಅಥವಾ ಮನೆಗೊಯ್ದು ಇಷ್ಟಬಂದಂತೆ ಮಾರಿ ಎಂದರು. ಆದರೆ ಅಲ್ಲಿಂದ ಮರಳಿದ ಮೇಲೆ ಅವರು ತಮ್ಮನ್ನು ತಾವೇ ವಿಚಾರಣೆಗೆ ಒಳಪಡಿಸಿಕೊಂಡರು. ಸ್ವತಃ ಹಾತಿಬ್(ರ) ಅವರ ಮನೆಗೆ ಹೋದರು. ತಾವು ಹೇಳಿದ್ದು ಆಜ್ಞೆಯೂ ಅಲ್ಲ, ತೀರ್ಪೂ ಅಲ್ಲ, ಊರಿನವರ ಒಳಿತನ್ನು ಬಯಸಿ ಆಡಿದ ಮಾತು ಮಾತ್ರ, ನಿಮಗೆ ಇಷ್ಟಬಂದಲ್ಲಿ ಇಷ್ಟಬಂದಂತೆ ಮಾರಬಹುದು ಎಂದು ತಿಳಿಸಿ ಬಂದರು.

ಅರ್ಧ ರಾಜ್ಯಗಳನ್ನು ನಡುಗಿಸಿದ ಖಲೀಫಾ ಎರಡು ಚೀಲ ಒಣದ್ರಾಕ್ಷಿಯ ಮಾರಾಟಗಾರನ ಮನೆಬಾಗಿಲಿಗೆ ಹೋಗಿ, ನನ್ನ ಮಾತು ಕಾನೂನಲ್ಲ ಎಂದು ತಿಳಿಸಿದರು. ಅಂಥವರ ಹೆಸರೆತ್ತಿಕೊಂಡು ನಾವು ಮಿಂಬರಿನ ಮೇಲೆ ನಿಂತು, ನಾಲ್ಕು ಮಕ್ಕಳ ವಿಧವೆಯೊಬ್ಬಳು ಕಿಲೋ ಎಣ್ಣೆಗೆ ಹದಿನೈದು ರೂಪಾಯಿ ಉಳಿಸಿಕೊಂಡರೆ ಅದು ಪಾಪವೆಂದು ಸಾರಬೇಕೇ? ಮದೀನಾದಲ್ಲಿ ಬೆಲೆಯೇರಿದಾಗ ಬೆಲೆ ನಿಗದಿಪಡಿಸಬೇಕೆಂದು ಜನರು ಬೇಡಿಕೊಂಡಾಗಲೂ ಪ್ರವಾದಿ(ಸ)ಯವರು ಒಪ್ಪಲಿಲ್ಲ. ಯಾರ ಸೊತ್ತಿನ ವಿಷಯದಲ್ಲೂ ಅನ್ಯಾಯದ ಆರೋಪ ಹೊತ್ತು ಅಲ್ಲಾಹನನ್ನು ಭೇಟಿಯಾಗಲು ಅವರು ಬಯಸಲಿಲ್ಲ. ಹರಾಮ್ ಎಂಬ ಪದವನ್ನು ಉಪಯೋಗಿಸುವಲ್ಲಿ ನಮಗೆ ಎಷ್ಟು ಭಯವಿರಬೇಕೆಂದರೆ, ಅದನ್ನು ಉಚ್ಚರಿಸುವ ಮೊದಲು ನಾಲಿಗೆ ಒಣಗಬೇಕು. ಇಂದು ಕಿರಾಣಿಯ ಪೈಪೋಟಿಗೆ ಅದನ್ನು ಸಾಲಕೊಟ್ಟರೆ ನಾಳೆ ಬಡ್ಡಿಯ ಬಗ್ಗೆ, ವರದಕ್ಷಿಣೆಯ ಬಗ್ಗೆ ಅದೇ ಪದವನ್ನು ಆಡಿದಾಗ ಜನರು, ಇದು ಯಾರ ಅಂಗಡಿಗೆ ಲಾಭ ಎಂದು ಲೆಕ್ಕ ಹಾಕುತ್ತಾರೆ.

ಒಂದು ಮಾತನ್ನು ಬಿಡುವಂತಿಲ್ಲ. ಮಾಲಿಕೀ ವಿದ್ವಾಂಸರಲ್ಲಿ ಅನೇಕರು ಮುವತ್ತಾದ ವರದಿಯನ್ನು ಆಧರಿಸಿ, ಒಬ್ಬನೇ ಬೆಲೆ ಇಳಿಸಿ ಮಾರುಕಟ್ಟೆಯನ್ನು ಕೆಡಿಸುವುದನ್ನು ಆಡಳಿತಗಾರನು ತಡೆಯಬಹುದೆಂದಿದ್ದಾರೆ. ತಡೆಯಬೇಕಾದವನು ಆಡಳಿತಗಾರ ಎಂಬುದನ್ನು ಗಮನಿಸಿ. ನಮ್ಮ ದೇಶದಲ್ಲಿ ಆ ಕೆಲಸಕ್ಕೆ 2002ರ ಸ್ಪರ್ಧಾ ಕಾಯ್ದೆಯಿದೆ. ಪ್ರತಿಸ್ಪರ್ಧಿಗಳನ್ನು ಮುಗಿಸುವ ಉದ್ದೇಶದಿಂದ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರುವುದನ್ನು ಅದರ 4ನೇ ಕಲಂ ನಿಷೇಧಿಸುತ್ತದೆ. ಆದರೆ ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿರುವ ಸಂಸ್ಥೆಗೆ ಮಾತ್ರ ಅದು ಅನ್ವಯ. ಒಂದು ಪೇಟೆಯ ಮೂಲೆಯಂಗಡಿಯವನು ಅದನ್ನು ಸಾಬೀತುಪಡಿಸುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಕಾನೂನು ಸಾಲದು ಎನ್ನುವುದಾದರೆ ಶಾಸಕರ ಮನೆಗೆ ಹೋಗೋಣ, ನಾವೂ ಬರುತ್ತೇವೆ. ಆದರೆ ಕಾನೂನಿನ ಕೊರತೆಯನ್ನು ಧರ್ಮದ ಹೆಸರಿನ ಬೆದರಿಕೆಯಿಂದ ತುಂಬುವುದು ಬೇಡ.

ಇನ್ನೊಂದು ಬದಿಯವರಿಗೂ ನಮ್ಮ ಮಾತಿದೆ. ಸಭೆಯ ಸುದ್ದಿ ಹರಡಿದೊಡನೆ ನಮ್ಮ ಕೆಲವು ವಿದ್ಯಾವಂತ ಯುವಕರು "ಅಭಿವೃದ್ಧಿಗೆ ಅಡ್ಡಗಾಲು" ಎಂದು ನಗಾಡಿದರು. ಉದ್ಯೋಗ ಬರುತ್ತದೆ, ಊರು ಬೆಳೆಯುತ್ತದೆ, ಸ್ಪರ್ಧೆಯಲ್ಲಿ ಸೋತವನು ಸೋಲಲಿ ಎಂಬುದು ಅವರ ವಾದ. ಬಿಗ್ ಬಝಾರ್ ನೆನಪಿದೆಯೇ? 2001ರಲ್ಲಿ ಆರಂಭವಾಗಿ ಇಡೀ ದೇಶದ ಚಿಲ್ಲರೆ ವ್ಯಾಪಾರದ ಹೆಸರೇ ತಾನಾಗಿದ್ದ ಅದು ಸಾಲದ ಹೊರೆಯಲ್ಲಿ ಕುಸಿಯಿತು. 2022ರಲ್ಲಿ ಬಾಡಿಗೆ ಬಾಕಿಯ ಕಾರಣಕ್ಕೆ ಅದರ ನೂರಾರು ಮಳಿಗೆಗಳು ರಿಲಯನ್ಸಿನ ಕೈಗೆ ಹೋದವು. 2003ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಮೆಟ್ರೋವನ್ನೂ ನೆನಪಿಸಿಕೊಳ್ಳಿ. ವರ್ತಕರಿಗೆ ಮಾತ್ರ ಸಗಟು ಮಾರುತ್ತೇವೆಂದು ಬಂದ ಅದರ ವಿರುದ್ಧ ಸ್ಥಳೀಯ ವರ್ತಕರು ಆಗ ದೊಡ್ಡ ಹೋರಾಟವನ್ನೇ ಮಾಡಿದರು. ಇಪ್ಪತ್ತು ವರ್ಷಗಳ ಬಳಿಕ, 2023ರಲ್ಲಿ, ಮೆಟ್ರೋ ತನ್ನ ಭಾರತದ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ಅದೇ ರಿಲಯನ್ಸಿಗೆ ಮಾರಿ ಮರಳಿತು. ಚಿಕ್ಕ ಮೀನನ್ನು ನುಂಗಿದ ದೊಡ್ಡ ಮೀನನ್ನು ಅದಕ್ಕಿಂತ ದೊಡ್ಡದು ನುಂಗಿತು. ಸಂಪತ್ತು ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದೆಂದು ಸೂರಃ ಅಲ್ ಹಶ್ರ್ ಎಚ್ಚರಿಸಿರುವುದನ್ನು ಓದಿದವರು ಈ ಸುತ್ತಾಟವನ್ನು ಬೆಳವಣಿಗೆ ಎಂದು ಕರೆಯುವ ಮೊದಲು ಸ್ವಲ್ಪ ತಡೆಯಬೇಕು. ಮೂಲೆಯಂಗಡಿ ಮುಚ್ಚಿದರೆ ಕಳೆದುಹೋಗುವುದು ಒಬ್ಬನ ಲಾಭ ಮಾತ್ರವಲ್ಲ. 2020ರ ಲಾಕ್‌ಡೌನ್‌ನಲ್ಲಿ ಕೂಲಿಯಿಲ್ಲದ ಮನೆಗಳಿಗೆ ಅಕ್ಕಿ ಕೊಟ್ಟದ್ದು ಯಾವ ಕಾರ್ಡೂ ಅಲ್ಲ, ಉದ್ದನೆಯ ಉದ್ರಿ ಪುಸ್ತಕ. ಬಡ್ಡಿಯಿಲ್ಲದ ಸಾಲ, ಕಷ್ಟದಲ್ಲಿರುವವನಿಗೆ ಕಾಲಾವಕಾಶ ಎಂಬ ಕುರ್‌ಆನಿನ ಆದೇಶ ನಮ್ಮ ಬೀದಿಯಲ್ಲಿ ಬದುಕಿದ್ದರೆ ಅದು ಆ ಪುಸ್ತಕದಲ್ಲಿಯೇ. ದೊಡ್ಡ ಮಳಿಗೆಯ ಕೌಂಟರಿನಲ್ಲಿ ಉದ್ರಿಯಿಲ್ಲ. ಅಲ್ಲಿ ಸಾಲವೆಂದರೆ ಬ್ಯಾಂಕಿನ ಕಾರ್ಡು, ಅದರ ಬಾಕಿಯ ಮೇಲೆ ಬಡ್ಡಿ.

ಆ ಪುಸ್ತಕವನ್ನು ಹೊಗಳುವಾಗಲೂ ನಾವು ಕಣ್ಣು ಮುಚ್ಚಿಲ್ಲ. ಉದ್ರಿಗೆ ಕೊಳ್ಳುವವನಿಗೆ ಕೇಳುವ ಧೈರ್ಯವಿರುವುದಿಲ್ಲವೆಂದು ಹಳೆಯ ಹಿಟ್ಟನ್ನು, ಅವಧಿ ಮುಗಿಯಲಿರುವ ಬಿಸ್ಕತ್ತನ್ನು ಅವನ ಚೀಲಕ್ಕೆ ಹಾಕುವ ಅಂಗಡಿಗಳು ನಮ್ಮ ಬೀದಿಯಲ್ಲಿವೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಮುಟ್ಟಿ, ವಂಚಿಸುವವನು ನಮ್ಮವನಲ್ಲವೆಂದು ಪ್ರವಾದಿ(ಸ)ಯವರು ಸಾರಿದ ಘಟನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಪಾಠ ಕೇಳಿದ ಹುಡುಗ ಮರುದಿನ ಬಂದು, "ಉಸ್ತಾದ್, ನಮ್ಮ ಅಂಗಡಿಯಲ್ಲಿ ಅಪ್ಪ ಹಾಗೆ ಮಾಡುತ್ತಾರೆ" ಎಂದರೆ ಏನು ಹೇಳಬೇಕು? ಒಬ್ಬ ಹುಡುಗ ಹೇಳಿದ್ದಾನೆ.

ಈಗ ಸಭೆಗೆ ಕರೆಯದೇ ಇದ್ದವರ ವಿಚಾರ. ಮಸೀದಿಯ ತಿರುವಿನಲ್ಲಿ ಬುಟ್ಟಿಯಿಟ್ಟು ಬಂಗುಡೆ, ಬೂತಾಯಿ ಮಾರುವ ಮೊಗವೀರ ಹೆಂಗಸರು, ಘಟ್ಟದ ಮೇಲಿನಿಂದ ತರಕಾರಿ ತರುವವರು, ತಳ್ಳುಗಾಡಿಯಲ್ಲಿ ಹಣ್ಣು ಮಾರುವ ನಮ್ಮದೇ ಬ್ಯಾರಿ ಹುಡುಗರು. ಬೃಹತ್ ಮಳಿಗೆಯ ಮೊದಲ ಪೆಟ್ಟು ಬೀಳುವುದು ಇವರ ಮೇಲೆ. ಮಳಿಗೆಯ ವಾಹನಗಳಿಗೆ ದಾರಿ ಬೇಕೆಂದೊಡನೆ ಮೊದಲು ತೆರವಾಗುವುದು ಈ ಬುಟ್ಟಿಗಳೇ. ಆದರೂ ಸಭೆಯಲ್ಲಿ ಅವರಿರಲಿಲ್ಲ, ಅರ್ಜಿಯಲ್ಲಿ ಅವರ ಹೆಸರಿಲ್ಲ. ಕಾರಣವೂ ಗೊತ್ತಿರುವುದೇ. ಅಂಗಡಿಯವರ ಹಳೆಯ ದೂರುಗಳಲ್ಲೊಂದು ಈ ಬುಟ್ಟಿಗಳ ಮೇಲೆಯೇ ಇತ್ತಲ್ಲವೇ?

ಮಾರುಕಟ್ಟೆಯ ಜಾಗವೂ ಮಸೀದಿಯ ಸಫ್ಫಿನಂತೆ, ಮೊದಲು ಬಂದು ಕುಳಿತವನಿಗೆ ಅವನು ಏಳುವ ತನಕ ಹಕ್ಕು ಎಂಬ ಅಭಿಪ್ರಾಯ ಉಮರ್(ರ) ಅವರ ಹೆಸರಿನಲ್ಲಿ ವರದಿಯಾಗಿದೆ. ಇಂದಿನ ಕಾನೂನು ಅದಕ್ಕಿಂತ ಮುಂದೆ ಹೋಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ಮಾರಾಟ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವಂತಿಲ್ಲ. ಹೆಂಚಿನ ಕಾರ್ಖಾನೆಯ ಗೇಟಿನ ಮುಂದೆ ಕಾನೂನಿನ ದೃಷ್ಟಿಯಲ್ಲಿ ಅತ್ಯಂತ ಗಟ್ಟಿಯಾಗಿ ಕುಳಿತಿರುವವಳು ಆ ಮೀನಿನ ಬುಟ್ಟಿಯ ಹೆಂಗಸು. ನಮ್ಮ ಪಕ್ಕಾ ಅಂಗಡಿಗಳವರಲ್ಲ.

2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಫಲಕಗಳು ಎದ್ದದ್ದು ನಮಗೆ ಮರೆತಿಲ್ಲ. ತಲೆಮಾರುಗಳಿಂದ ಬಳೆ, ಆಟಿಕೆ, ಸಿಹಿತಿಂಡಿ ಮಾರುತ್ತಿದ್ದವರು ಗಂಟುಮೂಟೆ ಕಟ್ಟಿಕೊಂಡು ಮರಳಿದರು. ಗಿರಾಕಿ ಎಲ್ಲಿ ಕೊಳ್ಳಬೇಕೆಂದು ಧರ್ಮದ ಹೆಸರಿನಲ್ಲಿ ಅಪ್ಪಣೆ ಹೊರಡಿಸುವುದು ಎಷ್ಟು ಕ್ರೂರವೆಂದು ಆಗ ನಾವು ಬರೆದೆವು, ಭಾಷಣ ಮಾಡಿದೆವು, ಸಂವಿಧಾನವನ್ನು ನೆನಪಿಸಿದೆವು. ಈಗ ಅದೇ ಆಯುಧವನ್ನು ನಮ್ಮ ಮಿಂಬರಿನಲ್ಲಿ ಮಸೆಯಬೇಕೆಂದು ಕೇಳುತ್ತಿರುವವರು ಒಂದು ಕ್ಷಣ ಯೋಚಿಸಲಿ. ಆ ಮಳಿಗೆಗೆ ಮುಸ್ಲಿಮರು ಹೋಗಬಾರದೆಂದು ನಾವು ಹೇಳಿದ ಮರುದಿನ, ನಮ್ಮ ಅಂಗಡಿಗಳಿಗೆ ಯಾರು ಹೋಗಬಾರದೆಂದು ಎಲ್ಲಿ ಹೇಳಲಾಗುತ್ತದೆ? ನಮ್ಮ ಬೀದಿಯ ಕಿರಾಣಿಯಲ್ಲಿ ಅರ್ಧಕ್ಕರ್ಧ ಗಿರಾಕಿಗಳು ಹಿಂದೂ ಬಾಂಧವರು. ಅವರ ಸಹಿ ಆ ಅರ್ಜಿಯಲ್ಲಿ ಏಕಿಲ್ಲ? ಮದ್ರಸದಲ್ಲಿ, ಇಶಾ ನಂತರ ಸಭೆ ಕರೆದರೆ ಅವರು ಹೇಗೆ ಬಂದಾರು? ಅವರ ಅಂಗಳಕ್ಕೂ ಅದೇ ಮಳೆನೀರು ನುಗ್ಗುತ್ತದೆ.

ಇಂಥ ಹೋರಾಟ ಗೆಲ್ಲಲಾಗದೆಂದು ಹತಾಶರಾದವರಿಗೆ ದೂರದ ಊರಿನ ಒಂದು ಸಂಗತಿ. ಅಮೆರಿಕದ ಲಾಸ್ ಏಂಜಲೀಸ್ ಪಕ್ಕದಲ್ಲಿ ಇಂಗಲ್‌ವುಡ್ ಎಂಬ ಪಟ್ಟಣವಿದೆ. ಅಲ್ಲಿ ಹೆಚ್ಚಿನವರು ಕಪ್ಪು ಜನರು ಮತ್ತು ಲ್ಯಾಟಿನ್ ಮೂಲದವರು. ಅಲ್ಲಿ ಸುಮಾರು 60 ಎಕರೆ ಜಾಗದಲ್ಲಿ ಮಳಿಗೆ ತೆರೆಯಲು ಹೊರಟ ವಾಲ್‌ಮಾರ್ಟ್, ಪಟ್ಟಣ ಸಭೆಯ ವಿಚಾರಣೆಯಾಗಲಿ ಪರಿಸರ ಪರಿಶೀಲನೆಯಾಗಲಿ ಇಲ್ಲದೆ ಕಟ್ಟಲು ಅನುಮತಿ ಕೊಡಿ ಎಂಬ ಪ್ರಸ್ತಾವವನ್ನು ನೇರವಾಗಿ ಮತದಾರರ ಮುಂದಿಟ್ಟಿತು. 2004ರ ಏಪ್ರಿಲ್ 6ರಂದು ಮತದಾನ ನಡೆಯಿತು. ಸುಮಾರು ಶೇ. 60ರಷ್ಟು ಜನರು ಬೇಡವೆಂದರು. ಅಲ್ಲಿನ ಧರ್ಮಗುರುಗಳೂ ಕಾರ್ಮಿಕ ಸಂಘಟನೆಗಳೂ ಆ ಹೋರಾಟದಲ್ಲಿದ್ದವು. ಅಗ್ಗದ ಸಾಮಾನು ಆ ಬಡ ಮತದಾರರಿಗೂ ಬೇಕಿತ್ತು. ಆದರೆ ಎಲ್ಲರಿಗೂ ಇರುವ ನಿಯಮ ತನಗೆ ಬೇಡವೆಂದು ಕಂಪೆನಿ ಕೇಳಿದ್ದನ್ನು ಅವರ ಸ್ವಾಭಿಮಾನ ಸಹಿಸಲಿಲ್ಲ. ಅವರು ನಿಂತದ್ದು ಅಂಗಡಿಯವರ ಲಾಭಕ್ಕಾಗಿ ಅಲ್ಲ, ತಮ್ಮನ್ನು ಕೇಳಬೇಕೆಂಬ ಹಕ್ಕಿಗಾಗಿ.

ನಮಗೂ ಆ ಹಕ್ಕಿದೆ. ಕೈಗಾರಿಕೆಗೆ ಮೀಸಲಾದ ಜಾಗವನ್ನು ವಾಣಿಜ್ಯಕ್ಕೆ ಬದಲಿಸಬೇಕಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಆ ಪ್ರಕಟಣೆ ಬಂದಿದೆಯೇ, ಬಂದಿದ್ದರೆ ಯಾವ ಪತ್ರಿಕೆಯಲ್ಲಿ, ಅವಧಿ ಮುಗಿಯಲು ಎಷ್ಟು ದಿನವಿದೆ ಎಂದು ಸಭೆಯಲ್ಲಿ ನಾವು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಶುಕ್ರವಾರದ ಖುತ್ಬಾದಲ್ಲಿ ಏನು ಹೇಳಬೇಕೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ವ್ಯಾಪಾರಿಗಳು ಒಬ್ಬೊಬ್ಬರೇ ಕೊಂಡು ಒಬ್ಬೊಬ್ಬರೇ ಸೋಲುವ ಬದಲು ಒಟ್ಟಾಗಿ ಖರೀದಿಸಬಾರದೇಕೆ ಎಂದೂ ಕೇಳಿದೆವು. ಬೆಂಗಳೂರಿನ ಬೀದಿಗಳಲ್ಲಿ ಎಲ್ಲರೂ ಕಂಡಿರುವ ಹಾಪ್‌ಕಾಮ್ಸ್ ಮಳಿಗೆಗಳ ಮೂಲ 1959ರಲ್ಲಿ ಆರಂಭವಾದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ಇಪ್ಪತ್ತು ಕಿರಾಣಿಗಳು ಸೇರಿ ಒಂದೇ ಲಾರಿ ಅಕ್ಕಿ ತರಿಸಿದರೆ ಚೌಕಾಶಿಯ ಬಲ ಅವರಿಗೂ ಬರುತ್ತದೆ. ಇದಕ್ಕೆ ಬಂದ ಉತ್ತರ: "ಅವನ ಜೊತೆ ಸೇರಿ ನಾನು ಖರೀದಿ ಮಾಡುವುದೇ?" ಹೀಗೆಂದವರೂ ಆ "ಅವನೂ" ಪ್ರತಿದಿನ ಐದು ಹೊತ್ತು ಭುಜಕ್ಕೆ ಭುಜ ತಾಗಿಸಿ ಒಂದೇ ಸಫ್ಫಿನಲ್ಲಿ ನಿಲ್ಲುವವರು.

ಹೊಸ ಅರ್ಜಿಯೊಂದನ್ನು ನಾವು ಸಿದ್ಧಪಡಿಸಿದ್ದೇವೆ. ಅದರಲ್ಲಿ ಹೆಣ್ಣುಮಕ್ಕಳ ಮರ್ಯಾದೆಯ ಸಾಲಿಲ್ಲ, ಸಂಸ್ಕೃತಿಯ ಸಾಲಿಲ್ಲ. ರಸ್ತೆಯ ಅಗಲ, ಮಳೆನೀರಿನ ದಾರಿ, ಮದ್ರಸ ಮತ್ತು ಪಕ್ಕದ ಸರಕಾರಿ ಶಾಲೆಯ ಮಕ್ಕಳು ರಸ್ತೆ ದಾಟುವ ಹೊತ್ತು, ಬೀದಿ ವ್ಯಾಪಾರಿಗಳ ಜಾಗ, ಸಾರ್ವಜನಿಕ ವಿಚಾರಣೆಯ ಬೇಡಿಕೆ ಇವಿಷ್ಟಿವೆ. ಮುಂದಿನ ಸಭೆ ಮದ್ರಸದಲ್ಲಿ ಅಲ್ಲ, ಸರಕಾರಿ ಶಾಲೆಯ ಅಂಗಳದಲ್ಲಿ, ಭಾನುವಾರ ಸಂಜೆ ನಾಲ್ಕಕ್ಕೆ. ಮೀನಿನ ಬುಟ್ಟಿಯವರಿಗೆ ನಾವೇ ಹೋಗಿ ಹೇಳಿ ಬಂದಿದ್ದೇವೆ. ಅವರಲ್ಲೊಬ್ಬರು ನಕ್ಕು, "ನಮ್ಮನ್ನು ಎಬ್ಬಿಸಲಿಕ್ಕೆ ಬಂದಿರೋ ಅಂತ ನೋಡಿದೆ" ಎಂದರು.

ಸಹಿ ಮಾಡಲು ಬರುವ ಅಂಗಡಿಯವರಲ್ಲಿ ಒಂದು ವಿನಂತಿ. ತಮ್ಮ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಈ ವರ್ಷ ಮುದ್ರೆ ಹಾಕಿದ ಪತ್ರವನ್ನೂ ಜೊತೆಗೆ ತರಬೇಕು. ಇದುವರೆಗೆ ಇಬ್ಬರು ತಂದಿದ್ದಾರೆ.